ನಾಯಿ ಚೆನ್ನಾಗೈತೆ ಅಂತ ಬರಿ

ನಮ್ಮಪ್ಪ ಪಾಂಡವಪುರದಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದ. ಅಂಗಡಿ ಅಂತ ಬೇರೆ ಇರಲಿಲ್ಲ. ಬೀದಿ ಬಾಗಿಲು ದಾಟಿದರೆ ಸಿಗುವ ಮೊದಲ ಕೋಣೆಯೇ ಅವನ ಕೆಲಸದ ಜಾಗ. ಅಲ್ಲೊಂದು ಕುಳ್ಳನೆಯ ಮರದ ಮಣೆ, ಪಕ್ಕದಲ್ಲಿ ಕೆಂಡದ ಕುಂಪಟೆ, ಊದುಗೊಳವೆ, ಗೋಡೆಗೆ ಹೊಡೆದ ಪಟ್ಟಿಯಲ್ಲಿ ಅರಗಳು, ಇಕ್ಕಳಗಳು. ಒಡವೆಯನ್ನು ಅರದಿಂದ ಉಜ್ಜುವಾಗ ಉದುರುವ ಚಿನ್ನದ ಪುಡಿಗೆ ನಮ್ಮವರು ರಜ ಅನ್ನುತ್ತಾರೆ. ಆ ರಜದ ಸಲುವಾಗಿ ಆ ಕೋಣೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ, ನಾವು ಲಂಗ ಬೀಸಿಕೊಂಡು ಓಡಾಡುವಂತಿರಲಿಲ್ಲ, ಗುಡಿಸಿದ ಕಸವನ್ನು ಬೀದಿಗೆ ಚೆಲ್ಲುವಂತಿರಲಿಲ್ಲ. ಕಸವೆಲ್ಲ ಒಂದು ತಗಡಿನ ಡಬ್ಬಕ್ಕೆ ಹೋಗಬೇಕಿತ್ತು.

ಅಂಥ ಮನೆಗೆ ಮೈತುಂಬ ಕೂದಲಿದ್ದ ನಾಯಿಯೊಂದು ಬಂದು ಸೇರಿಕೊಂಡಿತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎಂಟನೇ ಕ್ಲಾಸು. ಅಕ್ಕ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗಿದ್ದ ಓವರ್‌ಸಿಯರ್ ಒಬ್ಬರಿಗೆ ದೂರದ ಊರಿಗೆ ವರ್ಗವಾಯಿತು. ಅವರ ಹೆಂಡತಿ ಅಕ್ಕನ ಕೈಗೆ ನಾಯಿಯ ಸರಪಳಿ ಕೊಟ್ಟು, ಅಲ್ಲಿ ಮನೆ ಸಿಕ್ಕ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇವೆ ಎಂದರು. ಬೆಳ್ಳಗಿನ, ಮೊಲಕ್ಕಿಂತ ಸ್ವಲ್ಪ ದೊಡ್ಡದಾದ ನಾಯಿ. ಅವರು ಮತ್ತೆ ಬರಲಿಲ್ಲ. ಅವರು ಕರೆಯುತ್ತಿದ್ದ ಇಂಗ್ಲಿಷ್ ಹೆಸರು ನಮ್ಮ ಬಾಯಿಗೆ ಒಗ್ಗಲಿಲ್ಲ. ಅಪ್ಪ "ಲೇ ಇವ್ನೆ" ಎಂದರೆ ಬರುತ್ತಿತ್ತು, ಅಕ್ಕ ಬಾಗಿಲ ಬಳಿ ಬಳೆ ಸದ್ದು ಮಾಡಿದರೂ ಬರುತ್ತಿತ್ತು. ಹೆಸರು ಇಡುವುದು ಮರೆತೇಹೋಯಿತು.

ನಾಯಿಗೆ ಅಪ್ಪನ ಮಣೆಯ ಪಕ್ಕದ ತಣ್ಣನೆಯ ನೆಲವೇ ಇಷ್ಟ. ಎರಡು ದಿನ ನೋಡಿ ಅಪ್ಪ ಅಕ್ಕನನ್ನು ಕರೆದ.

"ಇದು ಬೇಡ ಕಣವ್ವಾ. ಮೈಯೆಲ್ಲಾ ಕೂದ್ಲು. ನಾನು ಉಜ್ಜಿದ್ ರಜನೆಲ್ಲಾ ಒತ್ಕೊಂಡೋಗಿ ಬೀದೀಲಿ ಕೊಡವಿ ಬರ್ತದೆ."

ಅಕ್ಕ ಆಗಲೇ ಉತ್ತರ ಯೋಚಿಸಿಟ್ಟುಕೊಂಡಿದ್ದಳು. "ವಾರಕ್ಕೊಂದ್ಸಲ ಬಟ್ಟೆ ಮೇಲೆ ನಿಲ್ಸಿ ಮೈ ಬಾಚ್ತೀನಪ್ಪಾ. ಉದುರಿದ್ ಒಂದೊಂದ್ ಕೂದ್ಲೂ ನಿನ್ ಕೈಗೇ ಕೊಡ್ತೀನಿ. ಸುಟ್ಕೊ, ಕರಗಿಸ್ಕೊ, ಏನಾದ್ರೂ ಮಾಡ್ಕೊ."

ಅಪ್ಪ ನಕ್ಕ. ನಗಿಸಿದ ಮೇಲೆ ಅವನಿಂದ ಇಲ್ಲ ಎನ್ನಿಸಿಕೊಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಹಾಗೆ ಭಾನುವಾರದ ಕೆಲಸವೊಂದು ಶುರುವಾಯಿತು. ಅಪ್ಪನ ಹಳೇ ಬಿಳಿ ಪಂಚೆಯೊಂದನ್ನು ಹಿತ್ತಿಲ ಜಗಲಿಯ ಮೇಲೆ ಹಾಸುತ್ತಿದ್ದೆವು. ಅಂಟುವಾಳದ ನೀರಿನಲ್ಲಿ ಒಡವೆ ಉಜ್ಜಿ ಉಜ್ಜಿ ಸವೆದುಹೋದ ಅಪ್ಪನ ಬ್ರಶ್ಶೊಂದು ಅಕ್ಕನಿಗೆ ಸಿಕ್ಕಿತ್ತು. ಅಕ್ಕ ನಾಯಿಯ ಬೆನ್ನಿನ ಕೂದಲನ್ನು ಎಡಗೈಯಿಂದ ಬೈತಲೆ ತೆಗೆದಂತೆ ಬಿಡಿಸಿ, ಬುಡ ಕಾಣಿಸಿದ ಮೇಲೆ ಬ್ರಶ್ಶು ಆಡಿಸುತ್ತಿದ್ದಳು. ಮೇಲೆ ಮೇಲೆ ಬಾಚಿದರೆ ನೋಡುವುದಕ್ಕೆ ಚೆಂದ, ಒಳಗೆ ಹಾಗೇ ಗಂಟು ಎನ್ನುತ್ತಿದ್ದಳು. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲಿನ ಸಂದಿಯಲ್ಲಿ ಸಿಕ್ಕು. ಅಲ್ಲಿಗೆ ಬ್ರಶ್ಶು ಹಾಕದೆ ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ನಾಲೆ ಏರಿಯ ಮೇಲೆ ಓಡಾಡಿ ಬಂದ ವಾರ ಹುಲ್ಲಿನ ಮುಳ್ಳು ಸಿಗುತ್ತಿತ್ತು. ಉಣ್ಣಿ ಸಿಕ್ಕರೆ ಕಿತ್ತು ಹಾಕುವುದಕ್ಕೆ ಸೀಮೆಎಣ್ಣೆಯ ಬಟ್ಟಲು ಹಿಡಿದುಕೊಂಡು ಕೂರುವುದು ನನ್ನ ಕೆಲಸ. ನಾಯಿ ಕಣ್ಣು ಅರೆ ಮುಚ್ಚಿ, ಕುತ್ತಿಗೆ ಮುಂದೆ ಚಾಚಿ ನಿಲ್ಲುತ್ತಿತ್ತು. ಅಕ್ಕ ಅದರ ಹತ್ತಿರ ಏನೇನೋ ಮಾತಾಡುತ್ತಿದ್ದಳು. ನನಗೂ ಹೇಳದ್ದನ್ನು ಅದಕ್ಕೆ ಹೇಳುತ್ತಿದ್ದಾಳೆ ಎಂದು ನನಗೆ ಹೊಟ್ಟೆಕಿಚ್ಚು.

ಉದುರಿದ ಕೂದಲು ಒಂದು ಡಬ್ಬಕ್ಕೆ. ಆರು ತಿಂಗಳ ಮೇಲೆ ಅಪ್ಪ ನಿಜವಾಗಿಯೂ ಅದನ್ನು ಸುಟ್ಟ. ಸುಟ್ಟ ಕೂದಲಿನ ವಾಸನೆಗೆ ಅವ್ವ ಮೂಗಿಗೆ ಸೆರಗು ಹಿಡಿದು ಪಕ್ಕದ ಮನೆಗೆ ಹೋಗಿ ಕೂತಳು. ಅಪ್ಪ ಬೂದಿ ತೊಳೆದು, ಉಳಿದದ್ದನ್ನು ಚಿನ್ನ ಕರಗಿಸುವ ಮೂಸೆಗೆ ಹಾಕಿ ಊದಿದ. ಸಾಸಿವೆ ಕಾಳಿನಷ್ಟು ಚಿನ್ನ ಬಂತು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೀದಿಗೆಲ್ಲ ತೋರಿಸಿ ಬಂದಳು.

ಎರಡು ವರ್ಷ ಕಳೆದು ಅಕ್ಕನಿಗೆ ಮದುವೆಯಾಯಿತು. ಗಂಡಿನ ಮನೆ ಕೃಷ್ಣರಾಜಪೇಟೆಯ ಆಚೆ, ಮಾಕವಳ್ಳಿ ಕಡೆ. ಭಾವನದು ಮರಗೆಲಸ. ಅತ್ತೆ, ಮಾವ, ಇಬ್ಬರು ಮೈದುನರು, ಎರಡು ಎಮ್ಮೆ ಇದ್ದ ಮನೆ. ಒಳ್ಳೆಯ ಜನ. ಆದರೆ ಮಡಿ ಜಾಸ್ತಿ, ನಾಯಿ ಹೊಸಿಲು ದಾಟುವಂತಿರಲಿಲ್ಲ. ಅಕ್ಕ ಹೊರಡುವ ದಿನ ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿದ್ದೆವು. ಅವಳು ಎಲ್ಲರ ಕಾಲಿಗೆ ಬಿದ್ದಾದ ಮೇಲೆ ಹಿತ್ತಿಲಿಗೆ ಹೋದಳು. ರೇಷ್ಮೆ ಸೀರೆಗೆ ಕೂದಲು ಅಂಟುತ್ತದೆ ಎಂದು ಅವ್ವ ಒಳಗಿನಿಂದಲೇ ಕೂಗಿದಳು. ಅಕ್ಕ ಅದನ್ನು ಮುಟ್ಟದೆ, ಮಾರು ದೂರದಲ್ಲಿ ಸ್ವಲ್ಪ ಹೊತ್ತು ನಿಂತು ಬಂದುಬಿಟ್ಟಳು.

ಮುಂದಿನ ಭಾನುವಾರ ನಾನು ಪಂಚೆ ಹಾಸಿದೆ. ನಾಯಿ ಬಂದು ನಿಂತಿತು, ಬ್ರಶ್ಶು ಮೈಗೆ ತಾಗಿದ ಕೂಡಲೇ ತಿರುಗಿ ನೋಡಿತು, ಇಳಿದು ಹೋಯಿತು. ಹಿಡಿದು ನಿಲ್ಲಿಸಿದರೆ ಗುರ್ ಎನ್ನುತ್ತಿತ್ತು. ಕಚ್ಚಲಿಲ್ಲ, ಆದರೆ ನಿಲ್ಲಲೂ ಇಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕಿವಿಯ ಹಿಂದೆ ಅಡಿಕೆಯಷ್ಟು ದಪ್ಪ ಗಂಟುಗಳಾದವು. ಒಂದೆರಡನ್ನು ಕತ್ತರಿಯಿಂದ ಕತ್ತರಿಸಿದೆ. ಆ ಜಾಗದಲ್ಲಿ ಗುಲಾಬಿ ಬಣ್ಣದ ಚರ್ಮ ಕಾಣುವುದನ್ನು ನೋಡಿ ಅಕ್ಕ ಏನನ್ನುವಳೋ ಎಂದು ಅಳು ಬಂತು.

ಅಕ್ಕನ ಕಾಗದಗಳು ತಿಂಗಳಿಗೊಂದು ಬರುತ್ತಿದ್ದವು. ಎರಡೂ ಮನೆಯಲ್ಲಿ ಫೋನಿರಲಿಲ್ಲ. ಇನ್‌ಲ್ಯಾಂಡ್ ಕಾಗದದ ತುಂಬ ಅತ್ತೆಯ ಕ್ಷೇಮ, ಮಾವನ ಕ್ಷೇಮ, ಎಮ್ಮೆ ಕರು ಹಾಕಿದ್ದು. ಅವಳು ಬರೆದದ್ದನ್ನು ಕಿರಿಯ ಮೈದುನ ಅಂಚೆ ಡಬ್ಬಿಗೆ ಹಾಕುವ ಮೊದಲು ಮನೆಯವರಿಗೆಲ್ಲ ಓದಿ ಹೇಳುತ್ತಿದ್ದನಂತೆ. ಅದರಲ್ಲಿ ಕೆಟ್ಟ ಉದ್ದೇಶವೇನಿಲ್ಲ, ಅವರ ಮನೆಯ ರೂಢಿ. ಹಾಗಾಗಿ ನಮ್ಮ ಮನೆಯ ನೆನಪಾಗುತ್ತದೆ ಎಂದು ಅಕ್ಕ ಒಂದು ಸಲವೂ ಬರೆಯಲಿಲ್ಲ. ಕೊನೆಯಲ್ಲಿ ಮಾತ್ರ ನಾಯಿಯ ವಿಚಾರ ಕೇಳುತ್ತಿದ್ದಳು. ಅದು ಎಲ್ಲಿ ಮಲಗುತ್ತೆ? ಸಾಯಂಕಾಲ ಬಾಗಿಲಿಗೆ ಬಂದು ಕೂರುತ್ತಾ? ಕೂದಲು ಯಾರು ಬಾಚುತ್ತಾರೆ?

ಅಪ್ಪನಿಗೆ ಕೂಡಿ ಕಳೆಯುವುದು ಬರುತ್ತಿತ್ತು, ಕಾಗದ ಬರೆಯುವಷ್ಟು ಅಕ್ಷರ ಬರುತ್ತಿರಲಿಲ್ಲ. ನನ್ನನ್ನು ಮಣೆಯ ಎದುರಿಗೆ ಕೂರಿಸಿಕೊಂಡು ಹೇಳಿ ಬರೆಸುತ್ತಿದ್ದ.

"ನಾಯಿ ಚೆನ್ನಾಗೈತೆ ಅಂತ ಬರಿ. ಊಟ ಸರ್ಯಾಗಿ ಮಾಡಲ್ಲ ಅಂತ ಬರಿ. ಬ್ಯಾಡ, ಅದ ಬರೀಬ್ಯಾಡ. ಸಾಯಂಕಾಲ ಬಸ್ಸಿನ ಒತ್ತಿಗೆ ಬಾಗ್ಲಲ್ಲಿ ಕೂತಿರ್ತದೆ ಅಂತ ಬರಿ."

ಆ ಹೊತ್ತಿಗೆ ಬಾಗಿಲಲ್ಲಿ ಕೂರುತ್ತಿದ್ದುದು ಅಪ್ಪನೂ ಹೌದು. ಅದನ್ನು ನಾನು ಬರೆಯಲಿಲ್ಲ.

ಆ ವರ್ಷಗಳಲ್ಲೇ ಅಪ್ಪನ ಕೆಲಸ ಕಮ್ಮಿಯಾಗುತ್ತ ಬಂತು. ಮೈಸೂರಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಸಿದ್ಧ ಒಡವೆಗಳು ಸಿಗುತ್ತಿದ್ದವು. ಜನ ಬೆಳಿಗ್ಗೆ ಹೋಗಿ ಸಾಯಂಕಾಲ ಹಾಕಿಕೊಂಡೇ ಬರುತ್ತಿದ್ದರು. ಇಲ್ಲಿ ಒಂದು ಜೊತೆ ಓಲೆಗೆ ವಾರ ಕಾಯಬೇಕು. ಮೊದಮೊದಲು ಅಪ್ಪ ರಿಪೇರಿಗೆ ಬಂದದ್ದನ್ನು ಮಾಡಿಕೊಂಡಿದ್ದ. ಆಮೇಲೆ ಶ್ರೀರಂಗಪಟ್ಟಣದ ಒಬ್ಬರ ಅಂಗಡಿಯಲ್ಲಿ ಕೂಲಿಗೆ ಕೂರತೊಡಗಿದ. ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವುದು. ಮನೆಯ ಕುಂಪಟೆ ತಣ್ಣಗಾಯಿತು. ಮಣೆಗೆ ಒಂದು ಗೋಣಿತಾಟು ಹೊದಿಸಿದ. ನಾಯಿ ಮಾತ್ರ ಅದರ ಪಕ್ಕದಲ್ಲೇ ಮಲಗುತ್ತಿತ್ತು.

ಒಂದು ಭಾನುವಾರ ಅಪ್ಪ ತಾನೇ ಪಂಚೆ ತಂದು ಜಗಲಿಗೆ ಹಾಸಿದ.

"ಬಾ ಮಗಾ, ಇದ್ಕೆ ಮೈ ಬಾಚು. ನಿಧಾನಕ್ಕೆ ಬಾಚು, ರಜ ಇರ್ತದೆ."

ನನಗೆ ಆಗ ಪರೀಕ್ಷೆ ಹತ್ತಿರ. ಸಿಡುಕಿನಿಂದ ಅಂದುಬಿಟ್ಟೆ: "ಯಾವ ರಜ ಅಪ್ಪಾ? ನೀನು ಮನೇಲಿ ಅರ ಇಡ್ದು ಆರ್ ತಿಂಗ್ಳಾಯ್ತು."

ಅಪ್ಪ ಬ್ರಶ್ಶು ಕೈಗೆ ತೆಗೆದುಕೊಂಡು ಪಂಚೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಬಾ ಇವ್ನೆ" ಎಂದ. ನಾಯಿ ಬಂದು ಅವನ ತೊಡೆಗೆ ಒರಗಿ ನಿಂತಿತು. ಅಪ್ಪನ ಬೆರಳುಗಳು ಕೂದಲೆಳೆಯಷ್ಟು ಸಣ್ಣ ತಂತಿ ತಿರುಚಿ ಅಭ್ಯಾಸವಿದ್ದ ಬೆರಳುಗಳು. ನಾನು ಕತ್ತರಿ ಹಾಕದೆ ಬಿಟ್ಟಿದ್ದ ಗಂಟುಗಳನ್ನು ಅವನು ಒಂದೊಂದಾಗಿ ಬಿಡಿಸಿದ. ನಾಯಿ ಗುರುಗುಟ್ಟಲಿಲ್ಲ. ಮಧ್ಯಾಹ್ನದವರೆಗೂ ಕೂತಿದ್ದರು ಇಬ್ಬರೂ. ಅವ್ವ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು ನೋಡಿ, ಕರೆಯದೆ ಒಳಗೆ ಹೋದಳು. ನಾನು ಮಾಡಿದ ತಪ್ಪು ನನಗೆ ಅರ್ಥವಾಗಿತ್ತು. ಸೀಮೆಎಣ್ಣೆ ಬಟ್ಟಲು ತಂದು ಪಕ್ಕದಲ್ಲಿಟ್ಟು ಕೂತೆ. ಅಲ್ಲಿಂದ ಮುಂದೆ ಭಾನುವಾರದ ಕೆಲಸ ಅಪ್ಪನದೇ ಆಯಿತು.

ಮದುವೆಯಾಗಿ ಎರಡನೇ ವರ್ಷ ಅಕ್ಕ ಬಾಣಂತನಕ್ಕೆ ಬಂದಳು. ಬಸ್ಸಿಳಿದು ಬೀದಿ ತಿರುವಿನಲ್ಲಿ ಬರುವಾಗಲೇ ನಾಯಿಗೆ ಗೊತ್ತಾಯಿತು. ಓಡಿದ ರಭಸಕ್ಕೆ ಎಲ್ಲಿ ಬೀಳಿಸುತ್ತದೋ ಎಂದು ಅಪ್ಪ ಅಡ್ಡ ನಿಂತ. ನಾಯಿ ಅವಳ ಕಾಲ ಸುತ್ತ ಸುತ್ತಿ, ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿತು. ಅಕ್ಕನಿಗೆ ಬಗ್ಗಲು ಆಗುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಅದರ ಮೈಯೊಳಗೆ ಎರಡೂ ಕೈ ತೂರಿಸಿ, "ಯಾರು ಬಾಚವ್ರೆ ಇದ್ನ? ಎಷ್ಟ್ ಚೆಂದಾಗ್ ಬಾಚವ್ರೆ" ಎಂದಳು. ಅಪ್ಪ ಅವಳ ಚೀಲ ಎತ್ತಿಕೊಂಡು ಒಳಗೆ ಹೋದ.

ಹೆಣ್ಣು ಮಗು ಹುಟ್ಟಿತು. ಬಾಣಂತಿ ಕೋಣೆಗೆ ನಾಯಿ ಬರಕೂಡದು, ಕೂದಲು ಮಗುವಿನ ಮೂಗಿಗೆ ಹೋದೀತು ಎಂದು ಅವ್ವ ಕಟ್ಟುನಿಟ್ಟು ಮಾಡಿದಳು. ಕೋಣೆಗೆ ಹಿತ್ತಿಲ ಕಡೆ ಒಂದು ಕಿಟಕಿಯಿತ್ತು. ಹೊರಗಡೆ ಬಟ್ಟೆ ಒಗೆಯುವ ಕಲ್ಲು. ನಾಯಿ ಆ ಕಲ್ಲಿನ ಮೇಲೆ ಹತ್ತಿ ನಿಂತರೆ ಬೆನ್ನು ಕಿಟಕಿಯ ಮಟ್ಟಕ್ಕೆ ಬರುತ್ತಿತ್ತು. ಮಗು ಮಲಗಿದ ಮೇಲೆ ಅಕ್ಕ ಸರಳುಗಳ ನಡುವೆ ಕೈ ಹಾಕಿ ಬ್ರಶ್ಶು ಆಡಿಸುತ್ತಿದ್ದಳು. ಒಂದು ಮಗ್ಗುಲು ಮುಗಿದರೆ, "ತಿರಿಕ್ಕೊ" ಎನ್ನುತ್ತಿದ್ದಳು. ನಾಯಿ ಕಲ್ಲಿನ ಮೇಲೆ ತಿರುಗಿ ಇನ್ನೊಂದು ಮಗ್ಗುಲು ಕೊಡುತ್ತಿತ್ತು. ಅವ್ವ ಕಂಡೂ ಕಾಣದಂತೆ ಇದ್ದಳು. ಐದು ತಿಂಗಳು ನಮ್ಮ ಮನೆ ಹಾಗಿತ್ತು. ನನ್ನ ಜೀವನದಲ್ಲಿ ಮತ್ತೊಮ್ಮೆ ಬೇಕು ಅನ್ನಿಸುವುದು ಆ ಐದು ತಿಂಗಳು. ಆಗ ನಾನು ಕಾಲೇಜು ಮುಗಿಸಿ ಬಂದು ಕಿಟಕಿಯ ಹೊರಗೆ ನಾಯಿಯ ಪಕ್ಕ ನಿಂತು ಒಳಗಿದ್ದ ಅಕ್ಕನ ಹತ್ತಿರ ಮಾತಾಡುತ್ತಿದ್ದೆ. ಅವಳು ಅಲ್ಲಿಯ ಮಾತು ಹೇಳುತ್ತಿದ್ದಳು. ಸಂಜೆ ಎಮ್ಮೆ ಹಾಲು ಕರೆಯುವಾಗ ಪಾಂಡವಪುರದ ಬಸ್ಸಿನ ಹಾರನ್ನು ಕೇಳಿದರೆ ಕೈ ನಿಂತುಹೋಗುತ್ತದೆ ಎಂದು ಒಂದು ದಿನ ಹೇಳಿದಳು. ಹೇಳಿ ನಕ್ಕಳು.

ಅವಳು ವಾಪಸು ಹೋದ ಮೇಲೆ ಎರಡು ವರ್ಷ ನಾಯಿ ಬದುಕಿತ್ತು. ನಮ್ಮ ಮನೆಗೆ ಬಂದಾಗಲೇ ಅದಕ್ಕೆ ಎಷ್ಟು ವಯಸ್ಸಾಗಿತ್ತೋ ಗೊತ್ತಿಲ್ಲ. ಕಣ್ಣಿಗೆ ಹಾಲಿನಂಥ ಪೊರೆ ಬಂತು, ಮೆಟ್ಟಿಲು ಹತ್ತಲಾರದೆ ಹೋಯಿತು. ಒಂದು ಬೇಸಿಗೆಯ ಬೆಳಿಗ್ಗೆ ಅಪ್ಪ ರೈಲಿಗೆ ಹೊರಡುವಾಗ ಕರೆದರೆ ಏಳಲಿಲ್ಲ. ಅಪ್ಪ ಆ ದಿನ ಕೆಲಸಕ್ಕೆ ಹೋಗಲಿಲ್ಲ. ಹಿತ್ತಿಲ ನುಗ್ಗೆಮರದ ಕೆಳಗೆ ಗುಂಡಿ ತೋಡಿದ. ತೋಡಿ ಕೈಕಾಲು ತೊಳೆದು ಬಂದು, ನಾಯಿಯನ್ನು ಪಂಚೆಯ ಮೇಲೆ ಮಲಗಿಸಿ, ಬುಡದಿಂದ ತುದಿಯವರೆಗೆ ಪೂರ್ತಿ ಬಾಚಿದ. ಬಾಲವನ್ನೂ ಬಾಚಿದ. ಆಮೇಲೆ ಅದೇ ಪಂಚೆಯಲ್ಲಿ ಸುತ್ತಿ ಇಳಿಸಿದೆವು.

"ಅವ್ಳಿಗೆ ಬರೀಬ್ಯಾಡ" ಎಂದ ಅಪ್ಪ ಅಂದೇ ಸಂಜೆ. "ಅಲ್ಲಿ ಅತ್ತೆ ಮಲ್ಗವ್ರೆ. ಇವ್ಳು ಅಳ್ತಾ ಕೂತ್ರೆ ಚೆನ್ನಾಗಿರಲ್ಲ."

ಅಕ್ಕನ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಹಿರಿಯ ಸೊಸೆಯಾದ ಅಕ್ಕ ಆ ವರ್ಷ ಗೌರಿ ಹಬ್ಬಕ್ಕೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಕಾಗದ ಮಾತ್ರ ಬರುತ್ತಿತ್ತು. ಕೊನೆಯಲ್ಲಿ ನಾಯಿ ಹೇಗಿದೆ ಎಂಬ ಪ್ರಶ್ನೆಯೂ ಇರುತ್ತಿತ್ತು. ಅಪ್ಪ "ನಾಯಿ ಚೆನ್ನಾಗೈತೆ ಅಂತ ಬರಿ" ಎನ್ನುತ್ತಿದ್ದ. ನಾನು ಬರೆಯುತ್ತಿದ್ದೆ. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು.

ಅತ್ತೆ ಕೋಲು ಹಿಡಿದು ನಡೆಯುವಂತಾದ ಮೇಲೆ, ಮುಂದಿನ ಗೌರಿ ಹಬ್ಬಕ್ಕೆ ಅಕ್ಕ ಮಗಳನ್ನು ಕರೆದುಕೊಂಡು ಬಂದಳು. ಬೆಳಿಗ್ಗೆಯಿಂದ ನಾನು ಅವಳಿಗೆ ಹೇಗೆ ಹೇಳುವುದೆಂದು ಪದ ಜೋಡಿಸುತ್ತಿದ್ದೆ. ಅವಳು ಬಂದಳು, ಕಾಲು ತೊಳೆದಳು, ಒಳಗೆ ಬಂದು ಗೋಣಿತಾಟು ಹೊದಿಸಿದ ಮಣೆಯ ಕಡೆ ನೋಡಿದಳು. ಏನೂ ಕೇಳಲಿಲ್ಲ. ಊಟವಾಯಿತು. ಆಗಲೂ ಕೇಳಲಿಲ್ಲ. ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು ಬೀದಿಗೆ ಹೋದ ಮೇಲೆ ನಾನೇ ಬಾಯಿ ಬಿಟ್ಟೆ.

"ಅಕ್ಕಾ, ನಾಯಿ..."

"ಗೊತ್ತು ಕಣೆ" ಎಂದಳು.

"ಯಾರ್ ಯೋಳುದ್ರು?"

"ನೀನೇ. ಮೊದ್ಲು ಕಾಗ್ದದಲ್ಲಿ ಅದು ಇಂಗ್ ಮಾಡ್ತು, ಅಂಗ್ ಮಾಡ್ತು, ಚಪ್ಲಿ ಕಚ್ತು, ಮಳೇಲಿ ನೆನೀತು ಅಂತ ಬರೀತಿದ್ದೆ. ಓದ್ ವರ್ಷ ಬೇಸಿಗೆಯಿಂದ ಬರೀ ಚೆನ್ನಾಗೈತೆ, ಚೆನ್ನಾಗೈತೆ. ಎರಡ್ನೇ ಕಾಗ್ದುಕ್ಕೇ ತಿಳೀತು."

"ತಿಳಿದ್ ಮೇಲೂ ಯಾಕ್ ಕೇಳ್ತಿದ್ದೆ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾನ್ ಕೇಳೋದ್ ಬುಟ್ರೆ ಅಪ್ಪ ಯೋಳಿ ಬರ್ಸೋಕೆ ಏನಿರ್ತಿತ್ತೇ? ಅತ್ತೆ ಕ್ಷೇಮ, ಮಾವನ್ ಕ್ಷೇಮ ನೀನೇ ಬರ್ದು ಆಕ್ಬುಡ್ತಿದ್ದೆ. ಆ ಒಂದ್ ಸಾಲು ಅಪ್ಪಂದು. ಅದ ಓದೋವಾಗ ಅಪ್ಪನ್ ಗಂಟ್ಲು ಕೇಳುಸ್ತಿತ್ತು."

ಅಂದು ಸಂಜೆ ನಾನು ಇದನ್ನು ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತೇನೋ. ಅಪ್ಪ ನುಗ್ಗೆಮರದ ಕಡೆ ಹೋಗಿ ನೀರಿನ ತೊಟ್ಟಿಯ ಮೇಲೆ ಕೂತುಬಿಟ್ಟ. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರೂ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ನಾನು ಕೇಳಲಿಲ್ಲ.

ಹಬ್ಬ ಮುಗಿದು ಅಕ್ಕ ಹೋದ ಮೇಲೆ ಎರಡು ವಾರ ಕಳೆದಿತ್ತು. ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, "ನಡಿ ಮಗಾ, ಮಾಕವಳ್ಳಿ ಕಡೆ ಓಗಿ ಬರಣ" ಎಂದ. ಹಬ್ಬ ಹರಿದಿನ, ಸಾವು ನೋವು ಇಲ್ಲದೆ ಹೆಣ್ಣು ಕೊಟ್ಟ ಮನೆಗೆ ಅಪ್ಪ ಹೋದದ್ದೇ ಇಲ್ಲ. ಅವ್ವ ಗಾಬರಿಯಾಗಿ, "ಏನಾಯ್ತು, ಏನಾರ ಸುದ್ದಿ ಬಂತಾ?" ಎಂದಳು. "ಏನೂ ಇಲ್ಲ ಕಣೆ" ಎಂದು ಅಪ್ಪ ಚಪ್ಪಲಿ ಮೆಟ್ಟಿದ.

ಅಲ್ಲೂ ಅದೇ ಪ್ರಶ್ನೆ. ಅಕ್ಕನ ಅತ್ತೆ ಕೋಲೂರಿಕೊಂಡು ಹೊರಗೆ ಬಂದು, ಕೂರಿಸಿ, ನೀರು ಕೊಡಿಸಿ, "ಏನ್ ಬೀಗ್ರೆ, ಇದ್ದಕ್ಕಿದ್ದಂಗೆ ಬಂದ್ಬುಟ್ರಿ?" ಎಂದು ಕೇಳಿದರು. ಅಪ್ಪ ದಾರಿಯಲ್ಲಿ ಇದಕ್ಕೊಂದು ನೆಪ ಯೋಚಿಸಿಕೊಂಡಿದ್ದಾನೆ ಎಂದು ನಾನು ತಿಳಿದಿದ್ದೆ. ಅವನು ಯೋಚಿಸಿರಲಿಲ್ಲ. "ಸುಮ್ನೆ ಬಂದೆ ಕಣಮ್ಮಾ. ಮಗ್ಳನ್ನ ನೋಡ್ಬೇಕು ಅನ್ನುಸ್ತು" ಎಂದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಅಲ್ಲೇ ಗೋಡೆಗೆ ಒರಗಿದಳು. ಅತ್ತೆ ಒಂದು ಗಳಿಗೆ ಅಪ್ಪನನ್ನು ನೋಡಿ, ಒಳಗೆ ತಿರುಗಿ, ಮಧ್ಯಾಹ್ನಕ್ಕೆ ಇನ್ನಿಬ್ಬರಿಗೆ ಅಕ್ಕಿ ಹಾಕು ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಚಿನಕುರಳಿ ಬರುವವರೆಗೂ ಅವನು ಗದ್ದೆ ನೋಡುತ್ತ ಕೂತಿದ್ದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಮುಂದಿನ್ ತಿಂಗ್ಳೂ ಒಂದ್ಸಲ ಓಗಿ ಬಂದ್ರೆ ಅವ್ರು ಏನಾರ ತಿಳ್ಕಂಡಾರಾ?"

"ಏನೂ ತಿಳ್ಕೊಳಲ್ಲ ಬುಡಪ್ಪಾ" ಎಂದೆ.